ಗಾಲಿಮನೆಯ ಜೀರ್ಣೋದ್ಧಾರ

ಪಾರಸೀಕದ ‘ಕಾರವಾನ್’ ಎಂಬ ಶಬ್ದಕ್ಕೆ ಜೊತೆಗೂಡಿ ಪಯಣಿಸುವ ವರ್ತಕರ ಸಮೂಹವೆಂದು ಅರ್ಥ. ಸಂಸ್ಕೃತದಲ್ಲಿ ಇದಕ್ಕೆ ಸಮಾನವಾದ ಪದ ‘ಸಾರ್ಥ’. ಅದರ ನಾಯಕನೇ ಸಾರ್ಥವಾಹ. ಆ ಪಾರಸೀಕ ಶಬ್ದವೇ ಇಂಗ್ಲಿಷಿಗೆ ಹೋಗಿ ‘ಕ್ಯಾರವಾನ್’ ಎಂದಾಗಿ, ಕಾಲಕ್ರಮದಲ್ಲಿ ವಾಸಯೋಗ್ಯವಾದ ಗಾಲಿಮನೆಯನ್ನು ಬೋಧಿಸತೊಡಗಿತು.

ಇಂಗ್ಲೆಂಡಿನ ನೌಕಾಪಡೆಯಲ್ಲಿ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕರು 1885ರಲ್ಲಿ ಕೇವಲ ವಿಹಾರಾರ್ಥವಾಗಿ ‘ವಾಂಡರರ್’ ಎಂಬ ಗಾಲಿಮನೆಯನ್ನು ಬ್ರಿಸ್ಟಲ್ ನಗರದಲ್ಲಿ ಮಾಡಿಸಿ, ಕುದುರೆಗಳನ್ನು ಹೂಡಿ, ಸ್ಕಾಟ್ಲೆಂಡಿನವರೆಗೆ ಸಂಚರಿಸಿದರು. ಅದು ಇಂದಿಗೂ ಉಳಿದುಬಂದಿದೆ. ಮೊದಲ ಮಹಾಯುದ್ಧದ ತರುವಾಯ ಮೋಟಾರುಗಾಡಿ ಎಳೆಯುವ ಗಾಲಿಮನೆಗಳು ಬಳಕೆಗೆ ಬಂದವು. ಇಂಥ ಹಳೆಯವನ್ನು ಹುಡುಕಿ ತಂದು ದುರಸ್ತಿಗೊಳಿಸುವ ಆಸಕ್ತರು ಆ ದೇಶದಲ್ಲಿ ಅನೇಕರಿದ್ದಾರೆ. ಅವರೆಲ್ಲರ ಮುಂದಿರುವ ಪ್ರಶ್ನೆ ಒಂದೇ: ಸರಿಪಡಿಸಿದ ಮೇಲೆಯೂ ಅದು ಅದೇ ಗಾಲಿಮನೆಯಾಗಿ ಉಳಿಯುವುದೇ?

ಇದಕ್ಕೆ ಉತ್ತರ ದೊರೆಯಬೇಕಾದರೆ ಅದರ ರಚನೆಯನ್ನು ಅರಿಯಬೇಕು. ಬಹುಪಾಲು ಹಳೆಯ ಗಾಲಿಮನೆಗಳಿಗೆ ಒಳಗೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು ಇಲ್ಲವೆ ಪದರುಹಲಗೆ ಇರುತ್ತದೆ. ಇವಕ್ಕೆ ಪರಮಶತ್ರು ನೀರು. ಸಂದುಗಳಲ್ಲಿ ಮೆತ್ತಿದ ಅಂಟು ಒಣಗಿ ಬಿರುಕುಬಿಟ್ಟಾಗ ಮಳೆನೀರು ಒಳನುಸುಳಿ, ಆರಲು ಅವಕಾಶವಿಲ್ಲದೆ ಮರವನ್ನು ಕೊಳೆಯಿಸುತ್ತದೆ. ಹೊರಗೆ ತಗಡು ಥಳಥಳಿಸುತ್ತಿದ್ದರೂ ಒಳಗೆ ಚೌಕಟ್ಟು ಹಿಟ್ಟಾಗಿರಬಹುದು. ಆದಕಾರಣ ಹೊರಗೆ ಬಣ್ಣ ಬಳಿದು ತೃಪ್ತಿಪಡುವುದು ರೋಗಿಗೆ ಹೊಸ ಬಟ್ಟೆ ಉಡಿಸಿದಂತೆಯೇ ಸರಿ.

ಬಲ್ಲವರ ಕ್ರಮ ಬೇರೆ. ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ಬಿಚ್ಚಿದ ತುಂಡುಗಳಿಗೆ ಅಂಕೆ ಬರೆದಿಡುತ್ತಾರೆ. ಮೊನಚಾದ ಉಪಕರಣದಿಂದ ಮರವನ್ನು ಚುಚ್ಚಿ ನೋಡಿ, ಕೊಳೆತಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಮರವನ್ನು ಓರೆಯಾಗಿ ಬೆಸೆಯುತ್ತಾರೆ, ಗಟ್ಟಿಯಿರುವುದನ್ನು ಮುಟ್ಟುವುದಿಲ್ಲ. ಮೂಲವರ್ಣ ತಿಳಿಯಲು ಬೀರುವಿನ ಒಳಮೂಲೆಯಲ್ಲಿಯೋ ಸಂಖ್ಯಾಫಲಕದ ಹಿಂದೆಯೋ ಪದರಪದರವಾಗಿ ಕೆರೆದು ನೋಡುತ್ತಾರೆ. ಕೈತಾಗಿ ಸವೆದ ಸೆಳೆಪೆಟ್ಟಿಗೆಯ ಅಂಚನ್ನು ಉಜ್ಜಿ ಹೊಸದಾಗಿಸುವುದಿಲ್ಲ. ಆ ಸವೆತವೂ ಅದರ ಚರಿತ್ರೆಯ ಒಂದು ಭಾಗವಷ್ಟೆ.

ಹಾಗೆಂದು ಹಳೆಯದೆಲ್ಲವೂ ರಕ್ಷಣೀಯವೆಂದು ಭ್ರಮಿಸಲಾಗದು. ಟೈರು, ಬ್ರೇಕು, ಜೋಡಣೆಯ ಕೊಂಡಿ, ಅನಿಲದ ಕೊಳವೆ, ವಿದ್ಯುತ್ತಂತಿ ಇವೆಲ್ಲ ಪ್ರಾಣಕ್ಕೆ ಸಂಬಂಧಿಸಿದವು. ಇವುಗಳಲ್ಲಿ ಶಿಥಿಲವಾದುದನ್ನು ನಿಸ್ಸಂಕೋಚವಾಗಿ ಬದಲಿಸಬೇಕು. ಕೆಲವು ಹಳೆಯ ಗಾಲಿಮನೆಗಳಲ್ಲಿ ಒಲೆಯ ಹಿಂದೆ ಕಲ್ನಾರಿನ ಹಲಗೆ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ತಜ್ಞರಿಂದಲೇ ತೆಗೆಸಬೇಕು.

ಈ ವಿವೇಕಕ್ಕೆ ಹಿನ್ನೆಲೆಯುಂಟು. ಜೀರ್ಣೋದ್ಧಾರದ ಹೆಸರಿನಲ್ಲಿ ಪ್ರಾಚೀನ ಚರ್ಚುಗಳನ್ನು ಕೆರೆದು ಹೊಸದಾಗಿಸುತ್ತಿದ್ದುದನ್ನು ಕಂಡು ನೊಂದ ವಿಲಿಯಂ ಮಾರಿಸ್ 1877ರಲ್ಲಿ ಲಂಡನ್ನಿನಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘವೊಂದನ್ನು ಸ್ಥಾಪಿಸಿದರು. ಹೊಸದಾಗಿಸುವುದಕ್ಕಿಂತ ದುರಸ್ತಿ ಲೇಸು ಎಂಬುದು ಅದರ ನಿಲುವು. 1964ರ ವೆನಿಸ್ ಸನ್ನದು ಸ್ಮಾರಕಗಳನ್ನು ಕುರಿತು ಇನ್ನೊಂದು ನಿಯಮವನ್ನು ವಿಧಿಸಿತು: ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಕಟ್ಟಡಕ್ಕೆ ಹೇಳಿದ ಈ ಮಾತು ಗಾಲಿಮನೆಗೂ ಸಲ್ಲುತ್ತದೆ.

ಓಲೆಗರಿಗಳೊಡನೆ ಬಾಳಿದ ನನ್ನಂಥವರಿಗೆ ಈ ನಿಯಮ ಅಪರಿಚಿತವಲ್ಲ. ಹುಳು ತಿಂದ ಅಕ್ಷರಗಳ ಸ್ಥಾನದಲ್ಲಿ ನಾವು ಚುಕ್ಕಿಗಳನ್ನಿಟ್ಟು ಮುಂದೆ ಸಾಗುತ್ತೇವೆ; ನಮ್ಮ ಪಾಂಡಿತ್ಯವನ್ನು ಕವಿಯ ಬಾಯಿಗೆ ತುರುಕುವುದಿಲ್ಲ.

ವಿದ್ಯಾರ್ಥಿಮಿತ್ರರೇ, ‘ಉದ್ಧಾರ’ವೆಂದರೆ ಮೇಲೆತ್ತುವುದು, ಹೊಸದನ್ನು ಸೃಷ್ಟಿಸುವುದಲ್ಲ. ನಿಮ್ಮ ಮನೆಯ ಅಟ್ಟದಲ್ಲಿರುವ ತಾತನ ಪೆಟ್ಟಿಗೆಗೆ ಕೈಹಚ್ಚುವ ದಿನ ಇದನ್ನು ನೆನೆಯಿರಿ. ಕೊಳೆತುದನ್ನು ಮತ್ತೆ ಕಟ್ಟಬಹುದು. ಕೆರೆದು ಅಳಿಸಿದುದನ್ನು ಯಾರೂ ಮರಳಿ ತರಲಾರರು.