ಎಸೆಯಲಾಗದ ಮನೆಯ ಮುಗ್ಗಿದ ಕಾಳು

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಎಷ್ಟು ಹುಡುಕಿದರೂ ರೋಗಾಣು ಸಿಗಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಅವುಗಳ ಮೇವಿನಲ್ಲಿದ್ದ, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಯಕೃತ್ತಿಗೆ ಕ್ಯಾನ್ಸರ್ ತರುವ ನೈಸರ್ಗಿಕ ವಸ್ತುಗಳಲ್ಲಿ ಇದು ಅತ್ಯಂತ ಪ್ರಬಲವಾದವುಗಳ ಸಾಲಿನದು.

ಈ ವಿಷಕ್ಕೆ ದೇಶಕ್ಕೊಂದು ಗಡಿ. ನೇರವಾಗಿ ತಿನ್ನುವ ಶೇಂಗಾದಲ್ಲಿ ಐರೋಪ್ಯ ಒಕ್ಕೂಟ ಒಪ್ಪುವುದು ಕಿಲೋಗೆ 4 ಮೈಕ್ರೋಗ್ರಾಂ, ಅಂದರೆ ಸಾವಿರ ಟನ್ ಕಾಳಿನಲ್ಲಿ 4 ಗ್ರಾಂ ವಿಷ. ಅಮೆರಿಕ 20ರವರೆಗೆ ಬಿಡುತ್ತದೆ. ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಅಂತಾರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಆಯೋಗ ಹಾಕಿರುವ ಮಿತಿ 15. ಈ ಅಂಕಿಗಳನ್ನು ನೋಡಿದರೆ ಯುರೋಪಿನವರಿಗೆ ಪ್ರಾಣದ ಮೇಲೆ ಹೆಚ್ಚು ಅಕ್ಕರೆ ಅನ್ನಿಸಬಹುದು. ಆದರೆ ಒಬ್ಬ ಮನುಷ್ಯನ ಹೊಟ್ಟೆಗೆ ಎಷ್ಟು ವಿಷ ಹೋಗುತ್ತದೆ ಎಂಬುದನ್ನು ಕಾನೂನಿನ ಅಂಕಿಗಿಂತ ಹೆಚ್ಚಾಗಿ ಅವನ ಸಂಪಾದನೆ ತೀರ್ಮಾನಿಸುತ್ತದೆ.

ಭಾರತದ 2022-23ರ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಗಳ ಖರ್ಚಿನಲ್ಲಿ ಸುಮಾರು ಶೇ. 46 ಭಾಗ ಆಹಾರಕ್ಕೇ ಹೋಗುತ್ತದೆ. ಬಡ ದೇಶಗಳಲ್ಲಿ ಈ ಪಾಲು ಇನ್ನೂ ದೊಡ್ಡದು. ಶ್ರೀಮಂತ ದೇಶಗಳಲ್ಲಿ ತೀರಾ ಚಿಕ್ಕದು. ಅಲ್ಲಿ ಮುಗ್ಗಿದ ಒಂದು ಪೊಟ್ಟಣವನ್ನು ಕಸಕ್ಕೆ ಹಾಕಿದರೆ ಏನೂ ಆಗುವುದಿಲ್ಲ. ವರ್ಷದ ಕಾಳೆಲ್ಲ ಒಂದೇ ಚೀಲದಲ್ಲಿರುವ ಮನೆ ಅದನ್ನು ಹೇಗೆ ಎಸೆದೀತು?

1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಆದದ್ದು ಇದೇ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಸುರಿದು ಮುಸುಕಿನ ಜೋಳದ ತೆನೆಗಳು ನೆನೆದವು. ಜನಕ್ಕೆ ಬೇರೆ ಕಾಳಿರಲಿಲ್ಲ, ಬೂಷ್ಟು ಹಿಡಿದದ್ದನ್ನೇ ತಿಂದರು. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು, 106 ಮಂದಿ ಸತ್ತರು. ಅದೇ ಊಟದ ಪಾಲು ಪಡೆದ ನಾಯಿಗಳೂ ಸತ್ತವು. ಮೂವತ್ತು ವರ್ಷ ಕಳೆದು, 2004ರಲ್ಲಿ, ಕೀನ್ಯಾದಲ್ಲಿ ಒದ್ದೆಯಾಗಿಯೇ ಕೂಡಿಟ್ಟ ಮುಸುಕಿನ ಜೋಳ 125 ಜನರನ್ನು ಬಲಿ ತೆಗೆದುಕೊಂಡಿತು.

ಚಳ್ಳಕೆರೆ, ಪಾವಗಡದ ಕಡೆಯ ಶೇಂಗಾ ಬೆಳೆಗಾರರಿಗೆ ಈ ಬೂಷ್ಟಿನ ದಾರಿ ಗೊತ್ತಿರುವಂಥದ್ದೇ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಸಿಪ್ಪೆ ಬಿರಿದು ಮಣ್ಣಿನ ಶಿಲೀಂಧ್ರ ಒಳಹೊಗುತ್ತದೆ. ಕಿತ್ತು ಹಾಕಿದ ಮೇಲೆ ಮಳೆ ಹಿಡಿದರೆ ಅದು ಹಬ್ಬುತ್ತದೆ. ರಾಶಿಯೆಲ್ಲ ಕೆಡುವುದಿಲ್ಲ. ಕೆಲವೇ ಕಾಳುಗಳಲ್ಲಿ ವಿಷ ಕೇಂದ್ರೀಕರಿಸಿರುತ್ತದೆ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಕಾಳುಗಳಲ್ಲೇ ಹೆಚ್ಚು. ಕೈಯಿಂದ ಆರಿಸಿ ತೆಗೆದರೆ ಬಹುಪಾಲು ಹೋಗುತ್ತದೆ. ಉರಿಯಲ್ಲಿ ಹುರಿದರೆ ಪೂರ್ತಿ ಹೋಗುವುದಿಲ್ಲ.

ಆದರೆ ಆರಿಸಿ ತೆಗೆದ ಕಾಳು ಎಲ್ಲಿಗೆ ಹೋಗುತ್ತದೆ? ರಫ್ತಿಗೆ ದಪ್ಪ, ನುಣುಪು ಕಾಳು; ಉಳಿದದ್ದು ಅಗ್ಗಕ್ಕೆ ಎಣ್ಣೆ ಗಿರಣಿಗೆ. ರಿಫೈನ್ ಮಾಡುವಾಗ ಎಣ್ಣೆಯ ವಿಷ ಹೆಚ್ಚುಕಡಿಮೆ ತೊಲಗುತ್ತದೆ. ಗಾಣದ ಎಣ್ಣೆಯಲ್ಲಿ ಅಂಥ ಹಂತವಿಲ್ಲವಾದ್ದರಿಂದ ಒಳ್ಳೆಯ ಕಾಳು ಹಾಕುವ ಗಾಣವನ್ನೇ ಹುಡುಕಬೇಕು. ಹಿಂಡಿಯಲ್ಲಿ ಉಳಿದ ವಿಷ ಹಸುವಿನ ಹೊಟ್ಟೆಗೆ ಹೋಗಿ, ರೂಪ ಬದಲಿಸಿ ಹಾಲಿಗಿಳಿಯುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಇದು ಮಿತಿ ಮೀರಿತ್ತು. ಆ ಮಿತಿ ಲೀಟರಿಗೆ ಸುಮಾರು 0.5 ಮೈಕ್ರೋಗ್ರಾಂ, ಯುರೋಪಿನದರ ಹತ್ತು ಪಟ್ಟು. ಮಕ್ಕಳ ಮುಖ್ಯ ಆಹಾರವೇ ಹಾಲಾಗಿರುವಾಗ ನನ್ನನ್ನು ಹೆಚ್ಚು ಕಾಡುವುದು ಹಾಲಿನ ಈ ಅಂಕಿಗಳು.

ಈ ವಿಷದ ಅಪಾಯ ಎಲ್ಲರಿಗೂ ಸಮನಲ್ಲ. ಹೆಪಟೈಟಿಸ್ ಬಿ ವೈರಸ್ ದೇಹದಲ್ಲಿದ್ದವರಿಗೆ ಅದೇ ಪ್ರಮಾಣದ ಅಫ್ಲಾಟಾಕ್ಸಿನ್ ಸುಮಾರು ಮೂವತ್ತು ಪಟ್ಟು ಹೆಚ್ಚು ಅಪಾಯಕಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ತಜ್ಞರು ಲೆಕ್ಕ ಹಾಕಿದ್ದಾರೆ. ಹಾಗಾಗಿ ಮಗುವಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆಯೂ ಆಹಾರ ಸುರಕ್ಷತೆಯ ಭಾಗವೇ. ಪ್ರಯೋಗಾಲಯ ಇಲ್ಲದ ಊರಿಗೂ ಅದು ತಲುಪುತ್ತದೆ.

ಚೀನಾದ ಚಿಡಾಂಗ್ ಪ್ರದೇಶ ಒಂದು ಕಾಲದಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಹೆಸರಾಗಿತ್ತು. ಅಲ್ಲಿನವರ ಊಟ ಮುಸುಕಿನ ಜೋಳ. 1980ರ ದಶಕದ ಆರ್ಥಿಕ ಸುಧಾರಣೆಯ ನಂತರ ಕೈಯಲ್ಲಿ ಕಾಸು ಓಡಾಡಿತು, ಜನ ಅಕ್ಕಿಗೆ ಹೊರಳಿದರು. ಅವರ ರಕ್ತದಲ್ಲಿ ಅಫ್ಲಾಟಾಕ್ಸಿನ್ ಗುರುತು ಕುಸಿಯಿತು, ಕ್ಯಾನ್ಸರ್ ಸಾವುಗಳೂ ಇಳಿದವು. ಎಲ್ಲ ಮಕ್ಕಳಿಗೂ ಲಸಿಕೆ ಹಾಕುವ ಕಾಲಕ್ಕೆ ಮುಂಚೆ ಹುಟ್ಟಿದವರಲ್ಲೂ ಈ ಇಳಿಕೆ ಕಂಡಿತು.

ಹಾಗಂತ ಊರೆಲ್ಲ ಸಿರಿವಂತವಾಗುವವರೆಗೆ ಕಾಯಬೇಕಿಲ್ಲ. ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಸಂಶೋಧಕರು ಶೇಂಗಾ ಬೆಳೆಯುವ ಹಳ್ಳಿಗಳಲ್ಲಿ ಸರಳ ಕ್ರಮಗಳನ್ನು ರೂಢಿಗೆ ತಂದರು: ಕೆಟ್ಟ ಕಾಳು ಆರಿಸುವುದು, ನೆಲಕ್ಕೆ ಬದಲು ಚಾಪೆಯ ಮೇಲೆ ಒಣಗಿಸುವುದು, ಗಾಳಿಯಾಡುವ ನಾರಿನ ಚೀಲದಲ್ಲಿ ತುಂಬಿ ಮರದ ಹಲಗೆಯ ಮೇಲೆ ಇಡುವುದು. ಮನೆಯೊಂದಕ್ಕೆ ತಗುಲಿದ್ದು ಸುಮಾರು 50 ಡಾಲರ್. ಐದು ತಿಂಗಳ ನಂತರ ಪರೀಕ್ಷಿಸಿದಾಗ ಆ ಹಳ್ಳಿಗರ ರಕ್ತದಲ್ಲಿ ವಿಷದ ಗುರುತು ಈ ಕ್ರಮಗಳಿಲ್ಲದ ಹಳ್ಳಿಗಳವರದರ ಅರ್ಧಕ್ಕೂ ಕಡಿಮೆಯಿತ್ತು.