'ಕೋಕೋನಟ್' ಒಳಗೊಬ್ಬ ಗುಮ್ಮ!

ಗೋವಾಕ್ಕೆ ಹೋದವರಿಗೆ ಗೊತ್ತು, ಅಲ್ಲಿಯೂ ನಮ್ಮ ಕರಾವಳಿಯಂತೆ ಎಲ್ಲಿ ನೋಡಿದರೂ ತೆಂಗು. ಮೀನು ಸಾರಿಗೂ ತೆಂಗಿನಕಾಯಿ, ಸಿಹಿತಿಂಡಿಗೂ ತೆಂಗಿನಕಾಯಿ. ಆದರೆ ಅದರ ಇಂಗ್ಲಿಷ್ ಹೆಸರು 'ಕೋಕೋನಟ್'ನೊಳಗೆ ಮಕ್ಕಳನ್ನು ಹೆದರಿಸುವ ಗುಮ್ಮ ಕೂತಿದ್ದಾನೆ ಅಂದರೆ ನಂಬ್ತೀರಾ?

ನಮ್ಮಲ್ಲಿ ಮಗು ಹಟ ಮಾಡಿದರೆ "ಗುಮ್ಮ ಬರ್ತಾನೆ" ಅನ್ನುತ್ತೇವಲ್ಲ, ಪೋರ್ಚುಗೀಸ್ ತಾಯಂದಿರು "ಕೋಕೋ ಬರ್ತಾನೆ" ಅನ್ನುತ್ತಿದ್ದರು. ಸಿಪ್ಪೆ ಸುಲಿದ ತೆಂಗಿನಕಾಯಿಯ ಬುಡ ನೋಡಿ. ಮೂರು ಕಣ್ಣುಗಳು ಒಂದು ವಿಕಾರ ಮುಖದಂತೆಯೇ ಕಾಣುತ್ತವೆ. ಭಾರತಕ್ಕೆ ಬಂದ ಪೋರ್ಚುಗೀಸ್ ನಾವಿಕರಿಗೆ ಅದು ತಮ್ಮೂರಿನ ಗುಮ್ಮನನ್ನು ನೆನಪಿಸಿತು. ಹೆಸರು ಅಂಟಿಕೊಂಡಿತು. ಇತಿಹಾಸಕಾರ ಜುವಾವ್ ಡಿ ಬಾರೋಸ್ 1563ರಲ್ಲಿ ಹೀಗೆಯೇ ಬರೆದಿದ್ದಾನೆ. ಇಂಗ್ಲಿಷರು ಅದಕ್ಕೆ 'ನಟ್' ಸೇರಿಸಿಕೊಂಡರು, ಅಷ್ಟೇ.

ಅದೇ 1563ರಲ್ಲಿ ಗೋವಾದಲ್ಲಿ ಮುದ್ರಣಗೊಂಡ ಪುಸ್ತಕವೊಂದರಲ್ಲಿ ವೈದ್ಯ ಗಾರ್ಸಿಯಾ ಡಿ ಓರ್ಟಾ ಸ್ವಲ್ಪ ಬೇರೆ ಕಾರಣ ಕೊಡುತ್ತಾನೆ. ಅವನ ಪ್ರಕಾರ ಆ ಕಣ್ಣುಗಳು ಕೋತಿಯಂಥ ಪ್ರಾಣಿಯ ಮುಖವನ್ನು ಹೋಲುತ್ತವೆ. ಒಟ್ಟಿನಲ್ಲಿ ಇಬ್ಬರೂ ಹೇಳುವುದು ಮುಖದ ಕಥೆಯನ್ನೇ.

ಈ ಮುಖವನ್ನು ಮೊದಲು ಕಂಡವರು ಪೋರ್ಚುಗೀಸರೇನೂ ಅಲ್ಲ. 14ನೇ ಶತಮಾನದಲ್ಲಿ ನಮ್ಮ ಮಂಗಳೂರಿಗೂ ಬಂದಿದ್ದ ಇಬ್ನ್ ಬತೂತ, ತೆಂಗಿನಕಾಯಿ ಮನುಷ್ಯನ ತಲೆಯಂತಿದೆ, ಕಣ್ಣು ಬಾಯಿ ಇದ್ದ ಹಾಗಿದೆ ಎಂದು ಬರೆದಿದ್ದ. ಆದರೆ ಅರಬರು ಅದನ್ನು ಕರೆದದ್ದು 'ಜೌಝುಲ್ ಹಿಂದ್', ಅಂದರೆ ಹಿಂದ್‌ನ ಕಾಯಿ. ಯುರೋಪಿನಲ್ಲೂ ಮೊದಲು 'ಭಾರತದ ಕಾಯಿ' ಎಂಬ ಹೆಸರೇ ಇತ್ತು. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾವನ್ನು ಕಿತ್ತುಕೊಂಡ ಪೋರ್ಚುಗೀಸರು ನಮ್ಮ ಸಮುದ್ರ ವ್ಯಾಪಾರದ ಮೇಲೂ ಹಿಡಿತ ಸಾಧಿಸಿದರು. ಕೊನೆಗೆ ಉಳಿದದ್ದು ಅವರಿಟ್ಟ ಹೆಸರು.

ಇಂಗ್ಲಿಷಿನಲ್ಲಿ ಇಂಥ ಪದಗಳು ಇನ್ನೂ ಇವೆ. 'ಪ್ಯಾನಿಕ್' ಬಂದದ್ದು ಆಡಿನ ಕಾಲಿನ ಗ್ರೀಕ್ ದೇವತೆ 'ಪ್ಯಾನ್'ನಿಂದ. ಆಂಬುಲೆನ್ಸಿನ 'ಸೈರನ್', ಹಾಡಿ ನಾವಿಕರನ್ನು ಸಾವಿಗೆ ಸೆಳೆಯುವ ಗ್ರೀಕ್ ಕಥೆಗಳ ಮಾಯಾವಿನಿಯರ ಹೆಸರು.

ಗಾರ್ಸಿಯಾ ಡಿ ಓರ್ಟಾನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವನು ಯಹೂದಿ ಮೂಲದವನು. 1568ರಲ್ಲಿ ತೀರಿಕೊಂಡ. 1580ರಲ್ಲಿ ಗೋವಾದ ಇನ್‌ಕ್ವಿಸಿಷನ್ ಅವನ ಅಸ್ಥಿಗಳನ್ನು ಗೋರಿಯಿಂದ ತೆಗೆಸಿ ಸುಡಿಸಿತು. ಇಂದು ಪಣಜಿಯ ಉದ್ಯಾನವೊಂದಕ್ಕೆ ಅವನದೇ ಹೆಸರಿದೆ. ಗುಮ್ಮನಿಗೆ ಹೆದರುವುದನ್ನು ಮಕ್ಕಳು ದೊಡ್ಡವರಾದ ಮೇಲೆ ಬಿಡುತ್ತಾರೆ. ಮನುಷ್ಯರು ಮನುಷ್ಯರಿಗೆ ಹುಟ್ಟಿಸುವ ಭಯ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮುಂದಿನ ಸಲ ಕಾಯಿ ಒಡೆಯುವಾಗ ಆ ಮೂರು ಕಣ್ಣುಗಳನ್ನು ಮಕ್ಕಳಿಗೆ ತೋರಿಸಿ, ಹೆದರಿಸಲಿಕ್ಕಲ್ಲ, ಈ ಚರಿತ್ರೆ ಹೇಳಲಿಕ್ಕೆ.