ನಿಮಗಿದು ಗೊತ್ತೇ? ಆಶಾ ಅಕ್ಕನ ಗಡಿಯಾರ

● ಆಶಾ, ಅಂದರೆ ಊರಿನ ಆರೋಗ್ಯ ಕಾರ್ಯಕರ್ತೆಯ ಕೆಲಸಕ್ಕೆ ಊರಿನ ಮಗಳಿಗಿಂತ ಊರಿನ ಸೊಸೆಯೇ ವಾಸಿ ಎಂಬುದು ಮೊದಲಿನಿಂದಲೂ ಇರುವ ಲೆಕ್ಕಾಚಾರ. ಮಗಳು ಮದುವೆಯಾಗಿ ಹೊರಟರೆ ಕೊಟ್ಟ ತರಬೇತಿಯೂ ಅವಳ ಹಿಂದೆಯೇ ಹೋಗುತ್ತದಲ್ಲ!

● ದೇಶದಲ್ಲಿ ಆಶಾ ಯೋಜನೆ ಶುರುವಾದ 2005ರಲ್ಲಿ ಕರ್ನಾಟಕದಲ್ಲಿ ಹುಟ್ಟುತ್ತಿದ್ದ ಪ್ರತಿ ಸಾವಿರ ಶಿಶುಗಳಲ್ಲಿ 50 ಶಿಶುಗಳು ಒಂದು ವರ್ಷ ತುಂಬುವುದರೊಳಗೇ ತೀರಿಕೊಳ್ಳುತ್ತಿದ್ದವು. 2020ಕ್ಕೆ ಅದು 19ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, ಲಸಿಕೆ, 108 ಆಂಬುಲೆನ್ಸ್ ಎಲ್ಲದರ ಪಾಲೂ ಇದರಲ್ಲಿದೆ. ಆದರೆ ಗರ್ಭಿಣಿಯನ್ನು ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಡಿಸುವವರು ಯಾರು?

● ನವಜಾತ ಶಿಶುಗಳ ಸಾವಿನಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ. ಅದಕ್ಕೇ ಆಶಾ 3, 7, 14, 21, 28, 42ನೇ ದಿನ ಬಾಗಿಲಿಗೆ ಬರುತ್ತಾರೆ. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ.

● ಬಂದವರು ಮಗುವಿನ ಅಂಗಿ ಸರಿಸಿ, ಎದೆ-ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸುತ್ತಾರೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ನಡೆಯದು. ಎಳೆಗೂಸಿನ ಉಸಿರಾಟ ಒಂದೇ ಸಮ ಇರುವುದಿಲ್ಲ. ಪೂರ್ತಿ ನಿಮಿಷಕ್ಕೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಕೆ. ಆಗಲೂ ಅಷ್ಟೇ ಇದ್ದರೆ ತಡಮಾಡದೆ ಆಸ್ಪತ್ರೆಗೆ. ಎರಡು ತಿಂಗಳು ದಾಟಿದ ಮಗುವಿಗೆ ಈ ಗಡಿ 50, ವರ್ಷ ತುಂಬಿದ ಮೇಲೆ 40. ನ್ಯುಮೋನಿಯಾ ಪತ್ತೆಗೆ ಸ್ಟೆತಾಸ್ಕೋಪೇ ಬೇಕೆಂದಿಲ್ಲ!

● ಈ ಮನೆ ಭೇಟಿಯ ಮೂಲ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿದೆ. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ಶೇ 62ರಷ್ಟು ತಗ್ಗಿಸಿ ತೋರಿಸಿದ್ದು 1999ರಲ್ಲಿ ಪ್ರಕಟವಾಯಿತು.

● ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಚಾಕಿ (ಎಳೆಯ) ಹುಳುವನ್ನು ಬೆಚ್ಚಗಿಡುವುದನ್ನು ಹೇಳಿಕೊಡಬೇಕಿಲ್ಲ. ಕೂಸಿಗೂ ಅದೇ ನಿಯಮ: ತಲೆಗೆ ಟೊಪ್ಪಿ, ತಾಯಿಯ ಮೈಶಾಖ. ತೂಕ ಕಡಿಮೆಯಿದ್ದರೆ ಎಣ್ಣೆನೀರಿನ ಸ್ನಾನಕ್ಕೆ ಅವಸರ ಬೇಡ. ಅಜ್ಜಿಯಂದಿರನ್ನು ಒಪ್ಪಿಸುವುದೇ ಕಷ್ಟ ಅನ್ನಿ.

● ಚೊಚ್ಚಲ ಹೆರಿಗೆ ತವರಿನಲ್ಲಿ. ಗೌರಿಬಿದನೂರಿನ ಸೊಸೆಯ ತವರು ಹಿಂದೂಪುರವಾದರೆ ಬಾಣಂತನ ಆಂಧ್ರದಲ್ಲಿ! ಮಗು ಎಲ್ಲಿದೆಯೋ ಅಲ್ಲಿಯ ಆಶಾಗೆ ಸುದ್ದಿ ಮುಟ್ಟಬೇಕು, ತಾಯಿ ಕಾರ್ಡೂ ಜೊತೆಗಿರಬೇಕು. ಚಿಂತಾಮಣಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಆಶಾ ಬರೆಯುವ ರಿಜಿಸ್ಟರ್ ಕನ್ನಡ.

● ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ ಇರುವ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಜಿಲ್ಲೆಗಿಂತ ದೇಶದ ಆಶಾ ಯೋಜನೆಯೇ ಹಿರಿಯದು!

● ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಆ ಆರೂ ಮನೆ ಭೇಟಿಗೆ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಭೇಟಿಗೆ 42 ರೂಪಾಯಿಯೂ ಬೀಳದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರೇ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂರಬೇಕಾಯಿತು. ಇದು ನ್ಯಾಯವಲ್ಲ.

● ನಿಮ್ಮ ಮನೆಗೆ ಮೂರನೇ ದಿನ ಆಶಾ ಬಂದಾಗ, "ಮಗು ಮಲಗಿದೆ, ನಾಳೆ ಬನ್ನಿ" ಅನ್ನಬೇಡಿ. ಉಸಿರು ಎಣಿಸಲು ಮಗು ಮಲಗಿರುವ ಹೊತ್ತೇ ಸರಿ.